ತೆರೆಯಿಂದ ಗೋರಿಯವರೆಗೆ: ಒಂದು ಪಿಶಾಚಿಯನ್ನು ಬೇರುಸಹಿತ ಅಧ್ಯಯನ ಮಾಡುವ ಸಮಗ್ರ ಮಾರ್ಗದರ್ಶಿ

ಭಯದ ಕಥೆಯೊಂದನ್ನು ಓದಿ ಮುಗಿಸಿ, ಎದೆಬಡಿತ ಹದಕ್ಕೆ ಬಂದ ಮೇಲೆ ಕುತೂಹಲಿಯಾದ ಓದುಗನನ್ನು ಒಂದು ಪ್ರಶ್ನೆ ಕಾಡುತ್ತದೆ: ಇಂಥ ಜೀವಿಯನ್ನು ಮನುಷ್ಯರು ಮೊದಲು ಎಲ್ಲಿ ಕಂಡರು? ಕಲ್ಪನೆಯಲ್ಲಿ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಸತ್ತು ಮರಳುವವರ ಕಥೆಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಂಬಾಲಿಸಿದರೆ, ಅನೇಕ ಸಲ ದಾರಿಯ ಕೊನೆಯಲ್ಲಿ ಸಿಗುವುದು ಒಂದು ನಿಜವಾದ ಹೆಣ ಮತ್ತು ಅದನ್ನು ಕಂಡು ಗಾಬರಿಯಾದ ನಿಜವಾದ ಜನ. ಅವರು ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಕೊಟ್ಟ ಅರ್ಥ ಮಾತ್ರ ತಪ್ಪಾಗಿತ್ತು. ಈ ನಂಬಿಕೆಯ ಮೇಲೆಯೇ ಮುಂದಿನ ಕ್ರಮವನ್ನು ರೂಪಿಸಿದ್ದೇನೆ.

ಅಧ್ಯಯನದ ದಿಕ್ಕು ಹಿಮ್ಮುಖವಾದದ್ದು. ಮೊದಲು ಚಲನಚಿತ್ರ, ಆಮೇಲೆ ಪುಸ್ತಕ, ಅದರ ಹಿಂದಿನ ಜಾನಪದ, ಕಟ್ಟಕಡೆಗೆ ಗೋರಿ. ಉದ್ದಕ್ಕೂ ಉದಾಹರಣೆಯಾಗಿ ರಕ್ತಪಿಶಾಚಿಯನ್ನು, ಅಂದರೆ ವ್ಯಾಂಪೈರನ್ನು, ತೆಗೆದುಕೊಂಡಿದ್ದೇನೆ. ಈ ನಾಲ್ಕೂ ಪದರಗಳಲ್ಲಿ ಲಿಖಿತ ಆಧಾರ ಉಳಿದಿರುವುದರಿಂದ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ವಸ್ತು ಸಿಗುವುದು ಕಷ್ಟ. ಕ್ರಮ ಒಮ್ಮೆ ಕೈಗೆ ಹತ್ತಿದರೆ ಬೇರೆ ಯಾವ ಜೀವಿಯ ಬೆನ್ನನ್ನೂ ಹತ್ತಬಹುದು. ಬೇಕಾದದ್ದು ಒಂದು ದಪ್ಪ ನೋಟ್‌ಬುಕ್, ಕೆಲವು ವಾರಗಳ ಬಿಡುವು ಮತ್ತು ಸತ್ತವರ ಬಗ್ಗೆ ಗೌರವ.

ಮೊದಲ ಹೆಜ್ಜೆ: ಗೊತ್ತಿರುವುದನ್ನೆಲ್ಲ ಬರೆದಿಡುವುದು

ಏನನ್ನೂ ಓದುವ ಮುನ್ನ, ಏನನ್ನೂ ನೋಡುವ ಮುನ್ನ, ಆ ಜೀವಿಯ ಬಗ್ಗೆ ನಿಮಗೆ ಈಗಾಗಲೇ ಗೊತ್ತಿರುವ ಲಕ್ಷಣಗಳನ್ನು ಒಂದರ ಕೆಳಗೊಂದು ಬರೆಯಿರಿ. ರಕ್ತಪಿಶಾಚಿಯಾದರೆ ಪಟ್ಟಿ ಬಹುಮಟ್ಟಿಗೆ ಹೀಗಿರುತ್ತದೆ: ಬಿಸಿಲು ತಾಗಿದರೆ ಸಾಯುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ, ಕೋರೆಹಲ್ಲು ಉದ್ದವಾಗಿರುತ್ತದೆ, ಕಪ್ಪು ನಿಲುವಂಗಿ ಹೊದ್ದಿರುತ್ತದೆ, ಬಾವಲಿಯಾಗುತ್ತದೆ, ಬಿಳಿಚಿಕೊಂಡಿರುತ್ತದೆ, ಹಳೆಯ ಕೋಟೆಯಲ್ಲಿ ವಾಸಿಸುವ ಶ್ರೀಮಂತನಾಗಿರುತ್ತದೆ, ಎದೆಗೆ ಗೂಟ ಬಡಿದರೆ ಅಡಗುತ್ತದೆ. ಪ್ರತಿ ಸಾಲಿನ ಮುಂದೆ ‘ಈ ಗುಣ ಯಾವಾಗ, ಎಲ್ಲಿ ಸೇರಿಕೊಂಡಿತು’ ಎಂದು ಬರೆಯಲು ಜಾಗ ಬಿಡಿ. ಅಧ್ಯಯನದುದ್ದಕ್ಕೂ ನೀವು ತುಂಬಬೇಕಾದದ್ದು ಆ ಖಾಲಿ ಜಾಗವನ್ನೇ.

ಇದೇ ಹಂತದಲ್ಲಿ ಹೆಸರುಗಳನ್ನು ಬಿಡಿಸಿಕೊಳ್ಳಬೇಕು. ನಮ್ಮ ಮಾತಿನಲ್ಲಿ ದೆವ್ವ, ಪ್ರೇತ, ಪಿಶಾಚಿ, ಬೇತಾಳ ಎಂಬವು ಒಂದರ ಬದಲು ಇನ್ನೊಂದಾಗಿ ಬಳಕೆಯಾಗುತ್ತವೆ. ಅಧ್ಯಯನದಲ್ಲಿ ಹಾಗೆ ಬಳಸಿದರೆ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಯಾವುದೇ ಜೀವಿಗೆ ಮೂರು ಪ್ರಶ್ನೆ ಹಾಕಿ. ಅದಕ್ಕೆ ದೇಹವಿದೆಯೇ? ಇದ್ದರೆ ಅದು ಯಾರ ದೇಹ? ಅದು ಮರಳಿ ಬಂದದ್ದು ಏಕೆ? ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಮರಕ್ಕೆ ತೂಗಿಕೊಂಡು ರಾಜನಿಗೆ ಕಥೆ ಹೇಳುವ ಬೇತಾಳನಿಗೆ ದೇಹವಿದೆ, ಆದರೆ ಅದು ಅವನದಲ್ಲ. ಬೇರೆ ಯಾರದೋ ಹೆಣವನ್ನು ಅವನು ಹೊಕ್ಕಿದ್ದಾನೆ. ಸರ್ಬಿಯಾದ ಹಳ್ಳಿಗರು ಹೆದರಿದ ರಕ್ತಪಿಶಾಚಿಯಾದರೋ ಸತ್ತ ಮನುಷ್ಯನೇ, ತನ್ನದೇ ದೇಹದಲ್ಲಿ, ತನ್ನದೇ ಮನೆಯವರ ಬಳಿಗೆ ಮರಳಿದವನು. ಗಾಳಿಯಂತೆ ಸುಳಿದು ಹೋಗುವ ಪ್ರೇತಕ್ಕೆ ದೇಹವೇ ಇಲ್ಲ. ಈ ಮೂರನ್ನೂ ಒಂದೇ ಗೂಡಿಗೆ ತುರುಕಿದವರಿಗೆ ಯಾವುದರ ಇತಿಹಾಸವೂ ದಕ್ಕುವುದಿಲ್ಲ.

ಎರಡನೆಯ ಹೆಜ್ಜೆ: ಚಲನಚಿತ್ರವನ್ನು ಎರಡು ಸಲ ನೋಡುವುದು

ಮೊದಲ ಸಲ ಸಾಮಾನ್ಯ ಪ್ರೇಕ್ಷಕರಂತೆ, ಹೆದರಲು ಒಪ್ಪಿಕೊಂಡು ನೋಡಿ. ಆ ಭಯವನ್ನು ಅನುಭವಿಸದೆ ಅದರ ಬಗ್ಗೆ ಬರೆಯುವವರ ಬರಹದಲ್ಲಿ ಜೀವವಿರುವುದಿಲ್ಲ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಕೈಯಲ್ಲಿ ಪೆನ್ನು ಹಿಡಿದು ನೋಡಿ. ಆ ಜೀವಿ ಮೊದಲ ಬಾರಿ ಕಾಣಿಸಿಕೊಂಡದ್ದು ಎಷ್ಟನೆಯ ನಿಮಿಷದಲ್ಲಿ, ಒಟ್ಟು ಎಷ್ಟು ಹೊತ್ತು ತೆರೆಯ ಮೇಲಿತ್ತು, ಇಡೀ ದೇಹ ಕಂಡಿತೇ ಅಥವಾ ನೆರಳು, ಕೈ, ಬಾಗಿಲ ಸಂದು ಇಷ್ಟೇ ಕಂಡವೇ ಎಂಬುದನ್ನು ಗುರುತು ಹಾಕಿಕೊಳ್ಳಿ. ಒಳ್ಳೆಯ ನಿರ್ದೇಶಕರು ಎಷ್ಟು ಕಡಿಮೆ ತೋರಿಸಿದ್ದಾರೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ನೀವು ನೋಡುತ್ತಿರುವುದು ಯಾವ ಪ್ರತಿ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಮುರ್ನಾವ್ ನಿರ್ದೇಶಿಸಿ 1922ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ನೊಸ್ಫೆರಾಟು’ ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ಚಿತ್ರೀಕರಿಸಿ, ಪ್ರತಿಗೆ ನೀಲಿ ಬಣ್ಣ ಹಾಯಿಸಿ ರಾತ್ರಿಯೆಂದು ಸೂಚಿಸಲಾಗಿತ್ತು. ಬಣ್ಣವಿಲ್ಲದ ಕಪ್ಪುಬಿಳುಪು ಪ್ರತಿಯನ್ನು ನೋಡಿದವರಿಗೆ ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಹಾಡಹಗಲಲ್ಲೇ ಶವಪೆಟ್ಟಿಗೆ ಹೊತ್ತು ಊರಲ್ಲಿ ನಡೆದಂತೆ ಕಾಣುತ್ತದೆ. ಬೆಳಗಿನ ಬೆಳಕಿನಲ್ಲಿ ಅವನು ಕರಗಿಹೋಗುವ ಕೊನೆಯ ದೃಶ್ಯಕ್ಕೆ ಆಗ ಅರ್ಥವೇ ಉಳಿಯುವುದಿಲ್ಲ. ಹೀಗಾಗಿ ಬಣ್ಣವನ್ನು ಮರುಸ್ಥಾಪಿಸಿದ ಪ್ರತಿಯನ್ನೇ ಹುಡುಕಿ ನೋಡಿ. 1954ರ ಜಪಾನಿನ ‘ಗಾಡ್ಜಿಲ್ಲಾ’ಕ್ಕೂ ಇದೇ ಮಾತು ಸಲ್ಲುತ್ತದೆ: 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಅಮೆರಿಕನ್ ವರದಿಗಾರನ ಪಾತ್ರವೊಂದನ್ನು ಸೇರಿಸಿ, ಮೂಲದ ಎಷ್ಟೋ ಭಾಗವನ್ನು ಕತ್ತರಿಸಲಾಯಿತು.

ಈಗ ಪಟ್ಟಿಗೆ ಮರಳಿ. ರಕ್ತಪಿಶಾಚಿಗೆ ಬಿಸಿಲಿನಿಂದ ಸಾವು ಎಂಬ ಗುಣ ಜನಪ್ರಿಯ ಕಲ್ಪನೆಗೆ ಸೇರಿದ್ದು ಈ 1922ರ ಚಿತ್ರದಿಂದ. ಅದಕ್ಕೆ ಆಧಾರವಾದ ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಕೌಂಟ್ ಹಗಲಿನಲ್ಲಿ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಅವನ ಶಕ್ತಿ ಕುಂದಿರುತ್ತದೆ, ಅಷ್ಟೇ. ಚಿತ್ರ ತಯಾರಕರು ಅನುಮತಿ ಪಡೆಯದೆ ಹೆಸರುಗಳನ್ನಷ್ಟೇ ಬದಲಿಸಿದ್ದರಿಂದ ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ದಾವೆ ಹೂಡಿದರು, ಮತ್ತು 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಮಾಡುವಂತೆ ನ್ಯಾಯಾಲಯ ಆದೇಶಿಸಿತು. ಅದಾಗಲೇ ಹೊರಗೆ ಹೋಗಿದ್ದ ಕೆಲವು ಪ್ರತಿಗಳು ಉಳಿದುಕೊಂಡದ್ದರಿಂದ ಇಂದು ನಮಗೆ ಆ ಚಿತ್ರ ಸಿಕ್ಕಿದೆ. ಕಪ್ಪು ನಿಲುವಂಗಿ ಮತ್ತು ನಿಂತ ಕಾಲರು 1924ರಲ್ಲಿ ಆರಂಭವಾದ ರಂಗರೂಪದ ಕೊಡುಗೆ. 1931ರ ಹಾಲಿವುಡ್ ಚಿತ್ರದಲ್ಲಿ ಬೆಲಾ ಲುಗೋಸಿ ಇದೇ ಉಡುಪಿನಲ್ಲಿ ಶಾಶ್ವತವಾದರು. ಆದರೆ ಆ ಚಿತ್ರದಲ್ಲಿ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ. ಸಾಧ್ಯವಾದರೆ ಅದೇ ವರ್ಷದ ಸ್ಪ್ಯಾನಿಷ್ ಆವೃತ್ತಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಅದೇ ಸ್ಟುಡಿಯೊದ ಅದೇ ಸೆಟ್‌ಗಳಲ್ಲಿ, ಇಂಗ್ಲಿಷ್ ತಂಡ ಮನೆಗೆ ಹೋದ ಮೇಲೆ, ಬೇರೆ ನಿರ್ದೇಶಕ ಮತ್ತು ಬೇರೆ ನಟರು ರಾತ್ರಿಯ ಹೊತ್ತು ಚಿತ್ರೀಕರಿಸಿದ್ದು ಅದು. ಒಂದೇ ಕಥೆಯಲ್ಲಿ ಕ್ಯಾಮೆರಾದ ಚಲನೆಯೊಂದು ಭಯವನ್ನು ಎಷ್ಟು ಬದಲಿಸಬಲ್ಲದು ಎಂಬುದನ್ನು ಕಲಿಯಲು ಇಂಥ ಅವಕಾಶ ಮತ್ತೆಲ್ಲೂ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಪುಸ್ತಕದಲ್ಲಿ ಯಾರು ಮಾತನಾಡುತ್ತಿದ್ದಾರೆ ಎಂದು ಕೇಳುವುದು

ಭಯಾನಕ ಸಾಹಿತ್ಯವನ್ನು ಓದುವಾಗ ‘ಏನಾಯಿತು’ ಎಂಬುದಕ್ಕಿಂತ ಮುಂಚೆ ‘ಇದನ್ನು ಯಾರು ಹೇಳುತ್ತಿದ್ದಾರೆ’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಡ್ರಾಕುಲಾ ಕಾದಂಬರಿ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕು, ಫೋನೋಗ್ರಾಫಿನಲ್ಲಿ ದಾಖಲಿಸಿದ ಮಾತು ಇವುಗಳ ಜೋಡಣೆ. ಅಧ್ಯಾಯಗಳ ಅಂಚಿನಲ್ಲಿ ಮಾತನಾಡುವವರ ಹೆಸರು ಬರೆಯುತ್ತ ಹೋದರೆ ಒಂದು ವಿಷಯ ತಾನಾಗಿ ಹೊಳೆಯುತ್ತದೆ: ಮುಖ್ಯ ನಿರೂಪಕರಿಗೆಲ್ಲ ದಿನಚರಿಯಿದೆ, ಕೌಂಟ್‌ಗೆ ಮಾತ್ರ ಇಲ್ಲ. ಅವನ ಮಾತು, ಅವನ ಪತ್ರ ನಮಗೆ ತಲುಪುವುದು ಅವನನ್ನು ಕೊಲ್ಲಲು ಹೊರಟವರ ದಾಖಲೆಗಳ ಮೂಲಕವೇ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಇದು ತಿರುವುಮುರುವಾಗಿದೆ. ಧ್ರುವಯಾತ್ರಿಯ ಪತ್ರಗಳ ಒಳಗೆ ವಿಕ್ಟರನ ಕಥನ, ಅದರ ಒಳಗೆ ಅವನು ಸೃಷ್ಟಿಸಿದ ಜೀವಿಯ ಕಥನ ಇದೆ. ಕಾಗದದ ಮೇಲೆ ಒಂದರೊಳಗೊಂದು ಪೆಟ್ಟಿಗೆಗಳನ್ನು ಬರೆದು ನೋಡಿದರೆ, ಅತ್ಯಂತ ಒಳಗಿನ ಪೆಟ್ಟಿಗೆಯಲ್ಲಿ, ಕೃತಿಯ ಹೃದಯದ ಜಾಗದಲ್ಲಿ, ಹೆಸರಿಲ್ಲದ ಆ ಜೀವಿ ಕುಳಿತು ತನ್ನ ನೋವನ್ನು ತಾನೇ ಸುಲಲಿತವಾಗಿ ಹೇಳಿಕೊಳ್ಳುತ್ತಿರುವುದು ಕಾಣುತ್ತದೆ. 1931ರ ಚಲನಚಿತ್ರ ಆ ಮಾತನ್ನು ಕಿತ್ತುಕೊಂಡು, ಬದಲಿಗೆ ಚಪ್ಪಟೆ ತಲೆಯನ್ನೂ ಕತ್ತಿನ ಬೋಲ್ಟುಗಳನ್ನೂ ಕೊಟ್ಟಿತು. ಬೋರಿಸ್ ಕಾರ್ಲಾಫ್‌ರ ಅಭಿನಯ ನನಗೆ ಬಹಳ ಪ್ರಿಯವಾದದ್ದು. ಆದರೂ ಪುಸ್ತಕದ ಜೀವಿಯ ಮಾತನ್ನು ಕೇಳಿದ ಮೇಲೆ ಆ ಮೌನವನ್ನು ನಷ್ಟವೆಂದೇ ಎಣಿಸುತ್ತೇನೆ.

ಆವೃತ್ತಿಯ ವಿಷಯದಲ್ಲೂ ಎಚ್ಚರ ಬೇಕು. ಫ್ರಾಂಕೆನ್‌ಸ್ಟೈನ್ 1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ, ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. 1831ರಲ್ಲಿ ಅವರೇ ಅದನ್ನು ತಿದ್ದಿದರು. ಮೊದಲ ಆವೃತ್ತಿಯಲ್ಲಿ ವಿಕ್ಟರನ ಸೋದರಸಂಬಂಧಿಯಾಗಿದ್ದ ಎಲಿಜಬೆತ್ ತಿದ್ದಿದ ಆವೃತ್ತಿಯಲ್ಲಿ ಸಾಕಿಕೊಂಡ ಅನಾಥೆಯಾದಳು, ವಿಧಿಯ ಮಾತು ಹೆಚ್ಚಾಯಿತು. ಯಾವುದನ್ನು ಓದಿದಿರಿ ಎಂದು ಟಿಪ್ಪಣಿಯ ತಲೆಯಲ್ಲೇ ಬರೆಯಿರಿ.

ಲೇಖಕರು ಕಂಡ ಸಾವುಗಳನ್ನು ಇಲ್ಲಿ ಗಮನಿಸಬೇಕು, ಆದರೆ ಮೃದುವಾದ ಕೈಯಿಂದ. ಮೇರಿ ಶೆಲ್ಲಿ 1797ರ ಆಗಸ್ಟ್ 30ರಂದು ಹುಟ್ಟಿದರು. ಹೆರಿಗೆಯ ಸೋಂಕಿನಿಂದ ತಾಯಿ ಸೆಪ್ಟೆಂಬರ್ 10ರಂದು ತೀರಿಕೊಂಡರು. 1815ರಲ್ಲಿ ಮೇರಿಯ ಮೊದಲ ಮಗು ಕೆಲವೇ ದಿನ ಬದುಕಿ ಸತ್ತಿತು. ಮಗು ಸತ್ತಿರಲಿಲ್ಲ, ತಣ್ಣಗಾಗಿತ್ತಷ್ಟೇ, ಬೆಂಕಿಯ ಮುಂದೆ ಉಜ್ಜಿದಾಗ ಜೀವ ಬಂತು ಎಂದು ಕನಸು ಕಂಡದ್ದನ್ನು ಆಕೆ ದಿನಚರಿಯಲ್ಲಿ ಬರೆದಿದ್ದಾರೆ. ಮುಂದಿನ ವರ್ಷವೇ, 1816ರ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಂಡೆಯಲ್ಲಿ ಆ ಕಥೆ ಮೊಳೆಯಿತು. ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿದು ಎರಚಿದ ಬೂದಿ ಮತ್ತು ಅನಿಲಗಳಿಂದ ಯುರೋಪಿನಲ್ಲಿ 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಮಳೆಯಿಂದಾಗಿ ಮನೆಯೊಳಗೆ ಉಳಿದ ಮೇರಿ ಮತ್ತು ಅವರ ಗೆಳೆಯರು ಭೂತದ ಕಥೆ ಬರೆಯುವ ಪಂದ್ಯ ಕಟ್ಟಿದರು. ಅದೇ ಮನೆಯಲ್ಲಿದ್ದ ವೈದ್ಯ ಪೊಲಿದೊರಿ ಅಲ್ಲಿ ಮೊಳೆತ ಎಳೆಯಿಂದ ಬರೆದು 1819ರಲ್ಲಿ ಪ್ರಕಟವಾದ ಕಥೆಯಲ್ಲಿ ರಕ್ತಪಿಶಾಚಿ ಮೊದಲ ಸಲ ಸೊಗಸುಗಾರ ಶ್ರೀಮಂತನ ವೇಷ ತೊಟ್ಟಿತು. ‘ಕೋಟೆಯ ಶ್ರೀಮಂತ’ ಎಂಬ ಸಾಲಿನ ಮುಂದೆ ಈ ವರ್ಷವನ್ನು ಬರೆದುಕೊಳ್ಳಿ. ಆದರೆ ಮಗುವಿನ ಸಾವೇ ಕಾದಂಬರಿಯ ಅರ್ಥ ಎಂದು ತೀರ್ಮಾನಿಸಿದರೆ ಕೃತಿ ಕುಗ್ಗಿಹೋಗುತ್ತದೆ. ಸಾವು ಅಲ್ಲಿ ಮಣ್ಣು, ಗಿಡ ಬೇರೆಯದು.

ಲೇಖಕರ ಕರಡು ಟಿಪ್ಪಣಿಗಳು ಉಳಿದಿದ್ದರೆ ಅವನ್ನು ಬಿಡಬೇಡಿ. ಸ್ಟೋಕರ್‌ನ ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹದಲ್ಲಿವೆ. ಅವನ ಪಾತ್ರದ ಹೆಸರು ಮೊದಲು ‘ಕೌಂಟ್ ವ್ಯಾಂಪೈರ್’ ಎಂದೇ ಇತ್ತು. 1890ರಲ್ಲಿ ವಿಟ್ಬಿ ಊರಿನ ಗ್ರಂಥಾಲಯದಲ್ಲಿ, ಇಂದಿನ ರೊಮೇನಿಯಾ ಕಡೆಯ ಪ್ರಾಂತ್ಯಗಳಾದ ವಲಾಕಿಯಾ ಮತ್ತು ಮೊಲ್ಡಾವಿಯಾ ಕುರಿತ 1820ರ ಪುಸ್ತಕವೊಂದನ್ನು ಓದುವಾಗ ಡ್ರಾಕುಲಾ ಎಂಬ ಹೆಸರು ಸಿಕ್ಕಿತು. ಆ ಹೆಸರು ಹೊತ್ತಿದ್ದ, ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದ ವಲಾಕಿಯಾದ ದೊರೆ ವ್ಲಾದ್‌ನ ಜೀವನವೇ ಕಾದಂಬರಿಯ ಮೂಲ ಎಂದು ನೂರಾರು ಕಡೆ ಓದಿರುತ್ತೀರಿ. ಆದರೆ ಆ ಟಿಪ್ಪಣಿಗಳಲ್ಲಿ ಶೂಲದ ಪ್ರಸ್ತಾಪವೇ ಇಲ್ಲ. ಹೆಸರು ಬಂದಿದೆ, ಮನುಷ್ಯ ಬಂದಿಲ್ಲ.

ಓದುವಾಗ ಅಂಚಿನಲ್ಲಿ ಎರಡು ಗುರುತು ಬಳಸಿ. ಆನ್ ರ‍್ಯಾಡ್‌ಕ್ಲಿಫ್ ಎಂಬ ಇಂಗ್ಲಿಷ್ ಭಯಾನಕ ಕಾದಂಬರಿಕಾರ್ತಿ ತೀರಿಕೊಂಡ ಮೇಲೆ 1826ರಲ್ಲಿ ಪ್ರಕಟವಾದ ಅವರ ಪ್ರಬಂಧವೊಂದು ಆತಂಕವನ್ನೂ ಬೀಭತ್ಸವನ್ನೂ ಬೇರ್ಪಡಿಸುತ್ತದೆ: ಏನಾಗುವುದೋ ಎಂಬ ಆತಂಕ ಚೈತನ್ಯವನ್ನು ಹಿಗ್ಗಿಸುತ್ತದೆ, ಕಣ್ಣೆದುರಿಗೆ ಬಂದ ಬೀಭತ್ಸ ಅದನ್ನು ಹೆಪ್ಪುಗಟ್ಟಿಸುತ್ತದೆ. ಯಾವ ಸಾಲು ಯಾವುದಕ್ಕೆ ಸೇರಿದ್ದು ಎಂದು ಗುರುತು ಹಾಕುತ್ತ ಹೋದರೆ ಲೇಖಕರ ಕೈಚಳಕ ಅರ್ಥವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಜಾನಪದಕ್ಕೆ ಇಳಿಯುವುದು

ಇಲ್ಲಿ ಮೊದಲು ಕಥೆಯನ್ನೂ ಐತಿಹ್ಯವನ್ನೂ ಬೇರ್ಪಡಿಸಿಕೊಳ್ಳಿ. ಕಥೆ ‘ಒಂದಾನೊಂದು ಊರಿನಲ್ಲಿ’ ನಡೆಯುತ್ತದೆ, ಕೇಳುವವರು ಅದನ್ನು ನಂಬಬೇಕಾಗಿಲ್ಲ. ಐತಿಹ್ಯವಾದರೋ ಹೆಸರಿರುವ ಸ್ಥಳದಲ್ಲಿ, ಗೊತ್ತಿರುವವರಿಗೆ ಆದದ್ದೆಂದು ಹೇಳಲ್ಪಡುತ್ತದೆ. ಬೇತಾಳನದು ಕಥೆ, ರಕ್ತಪಿಶಾಚಿಯದು ಐತಿಹ್ಯ. ಹೆಣದವರೆಗೆ ಕರೆದೊಯ್ಯುವುದು ಸಾಮಾನ್ಯವಾಗಿ ಐತಿಹ್ಯವೇ.

ಆಶಯಗಳನ್ನು, ಅಂದರೆ ಕಥೆಯಿಂದ ಕಥೆಗೆ ಮರುಕಳಿಸುವ ಎಳೆಗಳನ್ನು, ಹುಡುಕಲು ಅಮೆರಿಕದ ಜಾನಪದ ವಿದ್ವಾಂಸ ಸ್ಟಿತ್ ಥಾಂಪ್ಸನ್‌ರ ಆಶಯಸೂಚಿಯಲ್ಲಿ ‘ಇ’ (E) ಅಕ್ಷರದ ವಿಭಾಗವನ್ನು ತೆರೆಯಿರಿ. ಅದು ಪೂರ್ತಿಯಾಗಿ ಸತ್ತವರಿಗೆ ಮೀಸಲು, ಮತ್ತು ರಕ್ತಪಿಶಾಚಿ ಇರುವುದು ಇ251ರಲ್ಲಿ. ಇಡೀ ಕಥಾವರ್ಗಗಳ ಸೂಚಿ ಬೇರೆ ಇದೆ. ಅದರ 365ನೆಯ ವರ್ಗದಲ್ಲಿ ಸತ್ತ ವರ ಕುದುರೆಯೇರಿ ಬಂದು ತನ್ನ ವಧುವನ್ನು ಗೋರಿಗೆ ಕರೆದೊಯ್ಯುತ್ತಾನೆ. ಜರ್ಮನ್ ಕವಿ ಬ್ಯುರ್ಗರ್ 1773ರಲ್ಲಿ ಇದನ್ನು ‘ಲೆನೋರೆ’ ಎಂಬ ಲಾವಣಿಯಾಗಿಸಿದ. ಸತ್ತವರ ಸವಾರಿ ಬಲು ವೇಗ ಎಂಬ ಅದರ ಮಾತನ್ನು ಡ್ರಾಕುಲಾ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಸಹಪ್ರಯಾಣಿಕನೊಬ್ಬ ಪಿಸುಗುಟ್ಟುತ್ತಾನೆ. ಜಾನಪದ ಪುಸ್ತಕದೊಳಗೆ ಹೊಕ್ಕ ಬಾಗಿಲು ಹೀಗೆ ಒಂದು ಸಾಲಿನಲ್ಲೇ ಸಿಕ್ಕಿಬಿಡುವುದುಂಟು.

ಪ್ರತಿ ಪಾಠಾಂತರದ ಜೊತೆಗೆ ಹೇಳಿದವರು ಯಾರು, ಬರೆದುಕೊಂಡವರು ಯಾರು, ಯಾವ ಭಾಷೆಯಿಂದ ಯಾವ ಭಾಷೆಗೆ, ಯಾವ ವರ್ಷ ಎಂಬ ನಾಲ್ಕು ವಿವರ ಇರಲೇಬೇಕು. ಇಲ್ಲದಿದ್ದರೆ ಅನುವಾದಕನ ಸೇರ್ಪಡೆಯನ್ನು ಜನರ ನಂಬಿಕೆಯೆಂದು ಎಣಿಸುವ ಅಪಾಯವಿದೆ. ಅರಬ್ಬರ ‘ಗೂಲ್’ ನಿರ್ಜನ ಮರುಭೂಮಿಯಲ್ಲಿ ರೂಪ ಬದಲಿಸಿ ಪ್ರಯಾಣಿಕರನ್ನು ದಾರಿ ತಪ್ಪಿಸುವ ಜೀವಿ. ಗೋರಿ ಅಗೆದು ಹೆಣ ತಿನ್ನುವ ಚಿತ್ರ ಯುರೋಪಿನಲ್ಲಿ ಹರಡಿದ್ದು ಫ್ರೆಂಚ್ ವಿದ್ವಾಂಸ ಗ್ಯಾಲನ್ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚಿಗೆ ತಂದ ಅರೇಬಿಯನ್ ಕಥೆಗಳಿಂದ. ಬಾವಲಿಯ ವಿಷಯವೂ ತಲೆಕೆಳಗು. ರಕ್ತ ಕುಡಿಯುವ ಮೂರು ಜಾತಿಯ ಬಾವಲಿಗಳೂ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಪಿಶಾಚಿಯ ಹೆಸರನ್ನು ಬಾವಲಿಗೆ ಇಟ್ಟರೇ ಹೊರತು ಬಾವಲಿಯಿಂದ ಪಿಶಾಚಿ ಹುಟ್ಟಲಿಲ್ಲ.

ಬದುಕಿರುವ ಹಿರಿಯರಿಂದ ಕೇಳಿ ದಾಖಲಿಸುವುದಾದರೆ ‘ನೀವು ಇದನ್ನು ನಂಬುತ್ತೀರಾ’ ಎಂದು ಎಂದಿಗೂ ಕೇಳಬೇಡಿ. ಆ ಪ್ರಶ್ನೆ ಹೇಳುವವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ‘ಇದನ್ನು ನಿಮಗೆ ಹೇಳಿದವರು ಯಾರು, ಆಗ ಜನ ಏನು ಮಾಡಿದರು’ ಎಂದು ಕೇಳಿ. ಧ್ವನಿ ಮುದ್ರಿಸುವ ಮುನ್ನ ಒಪ್ಪಿಗೆ ಪಡೆಯಿರಿ, ಮತ್ತು ಹತ್ತಿರದವರ ಸಾವಿನ ಮಾತು ಬಂದಾಗ ಯಂತ್ರವನ್ನು ನಿಲ್ಲಿಸಿ.

ಐದನೆಯ ಹೆಜ್ಜೆ: ಹೆಣದ ಬಳಿಗೆ ಹೋಗುವುದು

ಬಹಳಷ್ಟು ಜನ ಅಧ್ಯಯನವನ್ನು ಜಾನಪದದಲ್ಲೇ ನಿಲ್ಲಿಸಿಬಿಡುತ್ತಾರೆ. ಅಲ್ಲಿಂದ ಮುಂದಿನ ಒಂದು ಹೆಜ್ಜೆ ಅತ್ಯಂತ ಫಲ ಕೊಡುವಂಥದ್ದು.

1718ರ ಒಪ್ಪಂದದ ನಂತರ ಸರ್ಬಿಯಾದ ಉತ್ತರ ಭಾಗ ಆಸ್ಟ್ರಿಯಾದ ಆಳ್ವಿಕೆಗೆ ಬಂದಿತ್ತು. ಹಳ್ಳಿಗರ ರೂಢಿಯನ್ನು ಹೊರಗಿನ ಅಧಿಕಾರಿಗಳು ಮೊದಲ ಬಾರಿ ಕಂಡು ವರದಿ ಮಾಡಿದ್ದರಿಂದಲೇ ನಮಗೆ ದಾಖಲೆ ಉಳಿದಿದೆ. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೇತರ್ ಬ್ಲಾಗೊಯೆವಿಚ್ ಎಂಬಾತ ಸತ್ತು ಮಣ್ಣಾದ ಮೇಲೆ ಎಂಟು ದಿನಗಳ ಒಳಗೆ ಒಂಬತ್ತು ಜನ ತೀರಿಕೊಂಡರು. ನಿದ್ರೆಯಲ್ಲಿ ಅವನು ಬಂದು ಮೈಮೇಲೆ ಮಲಗಿ ಉಸಿರು ಕಟ್ಟಿಸಿದನೆಂದು ಸಾಯುವಾಗ ಅವರು ಹೇಳಿದ್ದರು. ಅವನು ಬಂದು ತನ್ನ ಪಾದರಕ್ಷೆ ಕೇಳಿದನೆಂದು ಹೇಳಿ ಹೆಂಡತಿ ಊರನ್ನೇ ಬಿಟ್ಟುಹೋದಳು. ಮೇಲಿನವರ ಅನುಮತಿ ಬರಲಿ ಎಂದು ಅಧಿಕಾರಿ ಹೇಳಿದಾಗ, ಅಷ್ಟರಲ್ಲಿ ಊರೇ ಉಳಿಯುವುದಿಲ್ಲವೆಂದು ಜನ ಪಟ್ಟು ಹಿಡಿದರು. ಗೋರಿ ತೆರೆದಾಗ ಕಂಡದ್ದು: ಮೂಗೊಂದನ್ನು ಬಿಟ್ಟರೆ ದೇಹ ಬಹುತೇಕ ಹಾಗೆಯೇ ಇದೆ, ಕೂದಲು, ಗಡ್ಡ, ಉಗುರು ಹೊಸದಾಗಿ ಬೆಳೆದಂತಿವೆ, ಹಳೆಯ ಚರ್ಮ ಸುಲಿದು ಹೊಸ ಚರ್ಮ ಬಂದಿದೆ, ಬಾಯಲ್ಲಿ ತಾಜಾ ರಕ್ತವಿದೆ. ಗೂಟ ಬಡಿದಾಗ ಕಿವಿ ಬಾಯಿಗಳಿಂದ ರಕ್ತ ಹರಿಯಿತು.

ಈಗ ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಸಾಕ್ಷಿಗಳು ಕಂಡದ್ದು, ಬಲಗಡೆ ಅವರು ಅದರಿಂದ ತೀರ್ಮಾನಿಸಿದ್ದು. ಆಮೇಲೆ ಮೂರನೆಯ ಸಾಲನ್ನು ಸೇರಿಸಿ: ಸತ್ತ ದೇಹದಲ್ಲಿ ನಿಜವಾಗಿ ನಡೆಯುವುದೇನು. ದೇಹ ಕೊಳೆಯುವಾಗ ಒಳಗಿನ ಸೂಕ್ಷ್ಮಜೀವಿಗಳು ಅನಿಲ ಉತ್ಪಾದಿಸುತ್ತವೆ. ಹೊಟ್ಟೆ, ಎದೆ ಉಬ್ಬಿ ದೇಹ ಉಂಡು ಕೊಬ್ಬಿದಂತೆ ಕಾಣುತ್ತದೆ. ಆ ಒತ್ತಡದಿಂದ ಕೆಂಪುಗಪ್ಪಿನ ದ್ರವ ಬಾಯಿ ಮೂಗುಗಳಿಂದ ಹೊರಬರುತ್ತದೆ. ನೋಡುವವರಿಗೆ ಅದು ಈಗಷ್ಟೇ ಕುಡಿದ ರಕ್ತ. ಹೊರಚರ್ಮ ಜಾರಿ ಕಳಚಿದಾಗ ಒಳಗಿನ ಪದರ ಎಳೆಯದಾಗಿ ಹೊಳೆಯುತ್ತದೆ, ಉಗುರು ಕಳಚಿದ ಜಾಗ ಹೊಸ ಉಗುರಿನಂತೆ ತೋರುತ್ತದೆ, ಒಣಗಿದ ಚರ್ಮ ಹಿಂದಕ್ಕೆ ಸರಿದು ಗಡ್ಡ ಬೆಳೆದಂತೆ ಕಾಣುತ್ತದೆ. ಮರಣದ ಕೆಲವು ಗಂಟೆಗಳಲ್ಲಿ ಸೆಟೆಯುವ ದೇಹ ಒಂದೆರಡು ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ ಎಂಬುದೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಆಳದ ತಣ್ಣನೆಯ ಮಣ್ಣಿನಲ್ಲಿ ಇವೆಲ್ಲವೂ ನಿಧಾನವಾಗುತ್ತವೆ.

ಇನ್ನೊಂದು ದಾಖಲೆ 1732ರ ಜನವರಿಯದು. ಮೆದ್ವೆಜಾ ಎಂಬ ಹಳ್ಳಿಯಲ್ಲಿ ಸೇನಾ ಶಸ್ತ್ರವೈದ್ಯ ಫ್ಲೂಕಿಂಗರ್ ಅನೇಕ ಗೋರಿಗಳನ್ನು ತೆರೆಸಿ ಬರೆದ ವರದಿ ಯುರೋಪಿನಾದ್ಯಂತ ಓಡಾಡಿತು. ವ್ಯಾಂಪೈರ್ ಎಂಬ ಪದ ಇಂಗ್ಲಿಷ್ ಪತ್ರಿಕೆಗಳಲ್ಲಿ ಹರಡಿದ್ದು ಆ ವರ್ಷವೇ. ಅದಕ್ಕೆ ಕೆಲವು ವರ್ಷ ಮುಂಚೆ ಹುಲ್ಲಿನ ಬಂಡಿಯಿಂದ ಬಿದ್ದು ಸತ್ತಿದ್ದ ಆರ್ನಾಲ್ಡ್ ಪಾವೊಲೆಯ ಎದೆಗೆ ಗೂಟ ಬಡಿದಾಗ ಅವನು ನರಳಿದನೆಂದು ಅದರಲ್ಲಿದೆ. ಉಬ್ಬಿದ ಎದೆಯನ್ನು ಒತ್ತಿದಾಗ ಅನಿಲ ಗಂಟಲಿನ ಮೂಲಕ ನುಗ್ಗುವ ಸದ್ದು ಅದು. ಬದುಕಿದ್ದಾಗ ತೀರ ಬಡಕಲಾಗಿದ್ದ ಮಿಲಿಜಾ ಎಂಬ ಅರುವತ್ತರ ಮುದುಕಿ ಗೋರಿಯಲ್ಲಿ ದಪ್ಪಗಾದದ್ದನ್ನು ಕಂಡು ನೆರೆಯವರು ಬೆರಗಾದರು. ಈ ವರದಿಗಳನ್ನು ಓದಿ ನಗುವವರಿದ್ದಾರೆ. ನನಗೆ ಅವುಗಳಲ್ಲಿ ಕಾಣುವುದು ಅಸಾಧಾರಣ ನಿಷ್ಠೆಯ ವೀಕ್ಷಣೆ. ಕಣ್ಣು ತಪ್ಪಿರಲಿಲ್ಲ, ಕಾರಣ ಹೇಳುವ ವಿಜ್ಞಾನ ಇನ್ನೂ ಹುಟ್ಟಿರಲಿಲ್ಲ. 1755ರಲ್ಲಿ ಮೊರಾವಿಯಾದಲ್ಲಿ ಇಂಥದೇ ಪ್ರಕರಣ ನಡೆದಾಗ ಆಸ್ಟ್ರಿಯಾದ ಮಹಾರಾಣಿ ಮಾರಿಯಾ ತೆರೇಸಾ ತಮ್ಮ ವೈದ್ಯ ವಾನ್ ಸ್ವೀಟನ್‌ರ ಅಭಿಪ್ರಾಯ ಪಡೆದು, ಗೋರಿ ತೆರೆದು ಹೆಣ ಸುಡುವ ರೂಢಿಯನ್ನು ನಿಷೇಧಿಸಿದರು.

ಪಟ್ಟಿಯನ್ನು ಮತ್ತೆ ನೋಡಿ. ಗೋರಿಯ ರಕ್ತಪಿಶಾಚಿ ಬಿಳಿಚಿಕೊಂಡಿಲ್ಲ, ಕೆಂಪಾಗಿ ಉಬ್ಬಿದೆ. ಶ್ರೀಮಂತನಲ್ಲ, ರೈತ. ಕೋಟೆಯಿಲ್ಲ, ನಿಲುವಂಗಿಯಿಲ್ಲ, ಕೋರೆಹಲ್ಲಿಲ್ಲ. ಗೂಟ ಮಾತ್ರ ಮೊದಲಿನಿಂದಲೂ ಇದೆ.

ಆರನೆಯ ಹೆಜ್ಜೆ: ಇದು ಯಾವ ಸಾವಿನ ಭಯ ಎಂದು ಕೇಳುವುದು

ಸಾವು ಎಂಬುದು ಒಂದೇ ಭಯವಲ್ಲ. ಒಬ್ಬನ ಹಿಂದೆ ಮನೆಯವರೆಲ್ಲ ಸಾಯುವ ಸೋಂಕಿನ ಭಯ ರಕ್ತಪಿಶಾಚಿಯನ್ನು ಹುಟ್ಟಿಸಿತು. ಉತ್ತರ ಭಾರತದ ಚುಡೇಲ್, ಮಲಯ ಜನರ ಪೊಂಟಿಯಾನಕ್, ಜಪಾನಿನ ಉಬುಮೆ ಇವು ಮೂರೂ ಬಸುರಿಯಾಗಿ ಅಥವಾ ಹೆರಿಗೆಯಲ್ಲಿ ಸತ್ತ ಹೆಣ್ಣಿನ ರೂಪಗಳು. ಒಂದು ಇನ್ನೊಂದರಿಂದ ಬಂತೆಂದು ಸಾಧಿಸಬೇಕಾಗಿಲ್ಲ. ಹೆರಿಗೆಯ ಸಾವು ಇದ್ದ ಕಡೆಯೆಲ್ಲ ಆ ಹೆಣ್ಣಿನ ಬಗ್ಗೆ ಅಳುಕೂ ಇತ್ತು. ಆದರೆ ಅವುಗಳ ವ್ಯತ್ಯಾಸ ನೋಡಿ: ಚುಡೇಲ್ ಗಂಡಸರನ್ನು ಸೆಳೆದು ಕೊಲ್ಲುತ್ತಾಳೆ, ಉಬುಮೆ ತನ್ನ ಕೂಸನ್ನು ಎತ್ತಿಕೊಳ್ಳಿರೆಂದು ದಾರಿಹೋಕರನ್ನು ಬೇಡುತ್ತಾಳೆ. ಅದೇ ಸಾವು, ಒಂದು ಕಡೆ ಕೋಪವಾಗಿದೆ, ಇನ್ನೊಂದು ಕಡೆ ದುಃಖವಾಗಿದೆ.

ಹೈಟಿಯ ಜಾಂಬಿಯ ಕಥೆ ಇದಕ್ಕಿಂತ ನೋವಿನದು. ಕಬ್ಬಿನ ತೋಟಗಳಲ್ಲಿ ಫ್ರೆಂಚರು ಗುಲಾಮರನ್ನು ದುಡಿಸಿ ಸಾಯಿಸುತ್ತಿದ್ದ ನೆಲ ಅದು. 1791ರಲ್ಲಿ ಬಂಡೆದ್ದ ಗುಲಾಮರು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಅಲ್ಲಿನ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಸತ್ತ ಮೇಲೂ ಎಬ್ಬಿಸಲ್ಪಟ್ಟು, ಮನಸ್ಸಿಲ್ಲದೆ, ಇನ್ನೊಬ್ಬನ ಹೊಲದಲ್ಲಿ ದುಡಿಯುತ್ತದೆ. ಅಲ್ಲಿ ಜನ ಜಾಂಬಿಗೆ ಹೆದರುವುದಕ್ಕಿಂತ ತಾವು ಜಾಂಬಿಯಾಗುವುದಕ್ಕೆ ಹೆದರುತ್ತಾರೆ. ಸಾವೂ ಬಿಡುಗಡೆಯಾಗದ ಗುಲಾಮಗಿರಿ ಅದು. ಅಮೆರಿಕ ಹೈಟಿಯನ್ನು 1915ರಿಂದ 1934ರವರೆಗೆ ಆಕ್ರಮಿಸಿಕೊಂಡಿದ್ದಾಗ ಈ ಕಥೆ ಹೊರಗೆ ಹೋಯಿತು, 1932ರಲ್ಲಿ ಚಲನಚಿತ್ರವಾಯಿತು. ಮಾಂಸ ತಿನ್ನುವ ಗುಂಪುಗಳ ರೂಪ ಬಂದದ್ದು ಅಮೆರಿಕದ ನಿರ್ದೇಶಕ ರೊಮೆರೊರ 1968ರ ಚಿತ್ರದಿಂದ. ಅದರ ಸಂಭಾಷಣೆಯಲ್ಲಿ ಜಾಂಬಿ ಎಂಬ ಪದವೇ ಇಲ್ಲ, ಅಲ್ಲಿರುವುದು ‘ಗೂಲ್’.

ಗಾಡ್ಜಿಲ್ಲಾದ ಭಯಕ್ಕೆ ದಿನಾಂಕವನ್ನೇ ಹೇಳಬಹುದು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ನಡೆದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಬಿತ್ತು; ಚಿತ್ರ ಅದೇ ವರ್ಷದ ನವೆಂಬರ್‌ನಲ್ಲಿ ಬಂತು.

ಏಳನೆಯ ಹೆಜ್ಜೆ: ಸುಲಭದ ವಿವರಣೆಗಳನ್ನು ಪರೀಕ್ಷಿಸುವುದು

ಒಂದೇ ಏಟಿಗೆ ಎಲ್ಲವನ್ನೂ ವಿವರಿಸುವ ಸಿದ್ಧಾಂತಗಳು ಈ ಕ್ಷೇತ್ರದಲ್ಲಿ ಬಹಳ. ಪೋರ್ಫೀರಿಯಾ ಎಂಬ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಯವರನ್ನೇ ಜನ ರಕ್ತಪಿಶಾಚಿ ಎಂದುಕೊಂಡರೆಂದು 1985ರಲ್ಲಿ ಒಬ್ಬ ಜೀವರಸಾಯನ ವಿಜ್ಞಾನಿ ಸೂಚಿಸಿದರು. ಆ ಕಾಯಿಲೆಯ ಕೆಲವು ಬಗೆಗಳಲ್ಲಿ ಬಿಸಿಲಿಗೆ ಚರ್ಮ ಸುಡುತ್ತದೆ. ನಿಮ್ಮ ಪಟ್ಟಿಯನ್ನು ತೆಗೆದು ನೋಡಿ: ಬಿಸಿಲಿನ ಗುಣ 1922ರ ಚಲನಚಿತ್ರದ್ದು, ಹಳ್ಳಿಗರದಲ್ಲ. ಸಿನಿಮಾದ ಲಕ್ಷಣಕ್ಕೆ ವೈದ್ಯಕೀಯ ಕಾರಣ ಹುಡುಕಿದಂತಾಯಿತು. ಆ ಸಿದ್ಧಾಂತ ಪತ್ರಿಕೆಗಳಲ್ಲಿ ಮೆರೆದದ್ದರಿಂದ ಕಾಯಿಲೆಯಿಂದ ನಿಜವಾಗಿ ನರಳುವವರು ಅವಮಾನ ಪಟ್ಟರು ಎಂಬುದನ್ನೂ ಮರೆಯಬಾರದು. ಯಾವುದೇ ವಿವರಣೆ ಬಂದರೂ ಅದು ಪಟ್ಟಿಯ ಯಾವ ಪದರವನ್ನು ವಿವರಿಸುತ್ತಿದೆ ಎಂದು ಮೊದಲು ಕೇಳಿ.

ಎಂಟನೆಯ ಹೆಜ್ಜೆ: ಬರೆಯುವುದು

ಹುಡುಕಿದ್ದು ಹಿಂದಕ್ಕೆ, ಬರೆಯುವುದು ಮುಂದಕ್ಕೆ. ಗೋರಿಯಿಂದ ಆರಂಭಿಸಿ, ವರದಿ, ಐತಿಹ್ಯ, ಪುಸ್ತಕ, ತೆರೆ ಎಂಬ ಕ್ರಮದಲ್ಲಿ ಪ್ರತಿ ಗುಣವೂ ಸೇರಿಕೊಂಡ ವರ್ಷವನ್ನು ಹೇಳುತ್ತ ಬನ್ನಿ. ಸಾಕ್ಷಿಗಳ ಮಾತನ್ನು ಅವರ ಮಾತಾಗಿಯೇ ಕೊಡಿ, ವಿಜ್ಞಾನದ ವಿವರಣೆಯನ್ನು ಪ್ರತ್ಯೇಕ ವಾಕ್ಯದಲ್ಲಿ ಇಡಿ. ಎರಡನ್ನೂ ಕಲಸಿದರೆ ಯಾರು ಏನು ಕಂಡರೆಂದು ಓದುಗರಿಗೆ ತಿಳಿಯುವುದಿಲ್ಲ. ರಕ್ತ, ಕೊಳೆತ, ಹುಳು ಇವುಗಳ ವರ್ಣನೆ ವಾದಕ್ಕೆ ಬೇಕಾದಷ್ಟೇ ಇರಲಿ.

ಬರಹದಲ್ಲಿ ಒಬ್ಬ ಸತ್ತ ವ್ಯಕ್ತಿಯನ್ನಾದರೂ ಪೂರ್ತಿ ಮನುಷ್ಯನಾಗಿ ಪರಿಚಯಿಸಿ. ನನ್ನ ಟಿಪ್ಪಣಿಗಳಲ್ಲಿ ಆ ಸ್ಥಾನ ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಊರಿನ ಮರ್ಸಿ ಬ್ರೌನ್‌ಗೆ ಮೀಸಲು. ತಾಯಿಯನ್ನೂ ಅಕ್ಕನನ್ನೂ ಕ್ಷಯ ಅದಾಗಲೇ ಒಯ್ದಿತ್ತು. ಅವಳು 1892ರ ಜನವರಿಯಲ್ಲಿ ತೀರಿಕೊಂಡಳು. ಕ್ಷಯದ ರೋಗಾಣುವನ್ನು ಕಾಖ್ ಕಂಡುಹಿಡಿದು ಆಗ ಹತ್ತು ವರ್ಷವಾಗಿತ್ತು. ಅಣ್ಣ ಎಡ್ವಿನ್ ಹಾಸಿಗೆ ಹಿಡಿದಾಗ ನೆರೆಹೊರೆಯವರ ಒತ್ತಾಯಕ್ಕೆ ತಂದೆ ಮಣಿದ. ಮಾರ್ಚ್ 17ರಂದು ಮೂವರ ದೇಹಗಳನ್ನೂ ನೋಡಲಾಯಿತು. ಚಳಿಗಾಲದ ಹೆಪ್ಪುಗಟ್ಟಿಸುವ ಥಂಡಿಯಲ್ಲಿ ಎರಡು ತಿಂಗಳು ನೆಲದ ಮೇಲಿನ ಕಲ್ಲುಕೋಣೆಯಲ್ಲಿದ್ದ ಮರ್ಸಿಯ ದೇಹ ಮಾತ್ರ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ಅಲ್ಲಿದ್ದ ವೈದ್ಯ ಇದರಲ್ಲಿ ಅಸಹಜವಾದದ್ದೇನೂ ಇಲ್ಲವೆಂದರೂ ಜನ ಆ ಹೃದಯವನ್ನು ಸುಟ್ಟು, ಬೂದಿಯನ್ನು ಕಲಸಿ ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳ ಒಳಗೆ ಅವನೂ ತೀರಿಕೊಂಡ. ಅವಳನ್ನು ಪಿಶಾಚಿ ಎಂದು ಕರೆಯುವ ಮೊದಲ ವಾಕ್ಯವನ್ನು ಬರೆಯುವ ಮುನ್ನ, ಅವಳ ಹೆಸರನ್ನೂ ಹತ್ತೊಂಬತ್ತು ಎಂಬ ವಯಸ್ಸನ್ನೂ ಪುಟದ ಮೇಲ್ಭಾಗದಲ್ಲಿ ಬರೆದುಕೊಳ್ಳಿ.